ಎಂಟು ಕುರ್ಚಿಗಳ ಅಳತೆ

ಏಳು ವರ್ಷಗಳ ಹಿಂದೆ, ಬಿಳಿ ಬಟ್ಟೆಯಲ್ಲಿ ಸುತ್ತಿ ಕೈಗಿಟ್ಟ ಮಗುವಿನ ಕಿವಿಯ ಹತ್ತಿರ ಬಾಗಿ ಟೇಪಕ್ಕ ಒಂದು ಮಾತು ಕೊಟ್ಟಿದ್ದಳು. "ಇನ್ನೊಬ್ಬ ತಾಯಿನ ಆ ಬಾಗಿಲ ಹೊರಗೆ ನಿಲ್ಲಿಸೋಕೆ ಬಿಡಲ್ಲ ಪುಟ್ಟಿ. ಒಂದೊಂದು ಮಗು ಪಕ್ಕಕ್ಕೂ ಒಂದೊಂದು ಕುರ್ಚಿ ಹಾಕಿಸ್ತೀನಿ."

ಪುಟ್ಟಿ ಬದುಕಿದ್ದು ಒಂಬತ್ತು ದಿನ. ಆಸ್ಪತ್ರೆಯ ಎಳೆಮಕ್ಕಳ ವಾರ್ಡಿನಲ್ಲಿ ಇದ್ದದ್ದು ಆರು ವಾರ್ಮರ್, ಅಂದರೆ ಮೇಲಿಂದ ಶಾಖ ಕೊಡುವ ಪುಟ್ಟ ಮಂಚಗಳು. ಮಕ್ಕಳು ಹೆಚ್ಚಾದ ದಿನ ಒಂದೊಂದರಲ್ಲಿ ಇಬ್ಬಿಬ್ಬರು. ತಾಯಂದಿರು ಬಂದು ಹಾಲು ಕೊಟ್ಟು ಹೊರಗೆ ನಡೆಯಬೇಕು. ಕೂರಲು ಜಾಗವೇ ಇರಲಿಲ್ಲ. ಒಂಬತ್ತನೆಯ ದಿನ ಬೆಳಗ್ಗೆ ಅವಳು ಹೊರಗೆ ಗೋಡೆಗೆ ಒರಗಿ ನಿಂತಿದ್ದಾಗಲೇ ಒಳಗೆ ಮಗುವಿನ ಉಸಿರು ನಿಂತಿತು. ನಡುವೆ ಇದ್ದದ್ದು ಒಂದು ಬಾಗಿಲು, ಅಷ್ಟೆ.

ಅವಳು ಹೊಲಿಗೆಯವಳು. ಊಟಕ್ಕೆ ಕೂತರೂ ಕೊರಳಲ್ಲಿ ಅಳತೆಯ ಟೇಪು ಇರುತ್ತಿದ್ದರಿಂದ ಬೀದಿಗೆಲ್ಲ ಟೇಪಕ್ಕ. ಜನ ಹಣ ಕೂಡಿಸಿಕೊಟ್ಟರೆ ವಾರ್ಡನ್ನು ಇದ್ದ ಗೋಡೆಗಳ ನಡುವೆಯೇ ಹೊಸದು ಮಾಡಿಸಬಹುದು ಎಂದು ಆಸ್ಪತ್ರೆಯವರು ಹೇಳಿದ ದಿನದಿಂದ ಅವಳು ಅಂಗಡಿ ಅಂಗಡಿ, ಮನೆ ಮನೆ ಹತ್ತಿಳಿದಳು. ಕಾಲಿಗೆ ಚಕ್ರ ಕಟ್ಟಿಕೊಂಡವಳ ಹಾಗೆ ಎರಡು ವರ್ಷ. ಬಸ್ ಓಡಿಸುವ ಗಂಡ ಡಿಪೋದಲ್ಲಿ ಡಬ್ಬಿ ಇಟ್ಟ.

"ನನ್ನ ಬಸ್ಸಲ್ಲಿ ಸೀಟಿಗೆ ಕರ್ಚೀಫು ಹಾಕ್ತಾರೆ. ನೀನು ನೋಡಿದ್ರೆ ಆಸ್ಪತ್ರೇಲಿ ಹಾಕ್ತಿದ್ದೀಯ," ಎಂದು ಅವನು ರೇಗಿಸುತ್ತಿದ್ದ.

ಬಸ್ ನಿಲ್ದಾಣದ ಟೀ ಅಂಗಡಿಯವಳು ಮಾತ್ರ ಮೊದಲು ಮುಖ ತಿರುಗಿಸಿದ್ದಳು. "ಗೋಡೆಗೆ ಬಣ್ಣ ಬಳಿಯೋಕೆ ನನ್ನ ಹತ್ರ ದುಡ್ಡಿಲ್ಲ ಕಣೆ."

"ಬಣ್ಣಕ್ಕಲ್ಲ. ತಾಯಂದಿರಿಗೆ ಕುರ್ಚಿ."

ಟೀಯವಳು ಒಲೆ ಸಣ್ಣ ಮಾಡಿದಳು. "ನಾನೂ ಅಲ್ಲೇ ನಿಂತಿದ್ದೆ. ನನ್ನ ಮೊದಲನೇದಕ್ಕೆ. ಹೊಲಿಗೆ ಹಾಕಿದ ಹೊಟ್ಟೆ ಹಿಡ್ಕೊಂಡು ಮೂರು ದಿನ." ಗಲ್ಲಾಪೆಟ್ಟಿಗೆಯನ್ನೇ ಎಳೆದು ಮುಂದಿಟ್ಟಳು. "ನನ್ನ ಹೆಸರು ಗಿಸರು ಎಲ್ಲೂ ಬರೆಸಬೇಡ. ಕುರ್ಚಿ ಹಾಕ್ಸು, ಸಾಕು."

ನಕ್ಷೆ ಬರೆಸುವ ಹೊತ್ತಿಗೆ, ಅಳತೆಗೆ ಬೇರೆ ಜನ ಯಾಕೆ, ದಂಡದ ಖರ್ಚು, ನಾನೇ ಹಿಡಿಯುತ್ತೇನೆ ಎಂದಳು ಟೇಪಕ್ಕ. ಗಂಡ ಟೇಪಿನ ತುದಿ ಹಿಡಿದ. ಅವಳು ಗೋಡೆಯಿಂದ ಗೋಡೆಗೆ ಮೂರು ಸಲ ಅಳೆದಳು. ನಾಲ್ಕು ನಾಲ್ಕರಂತೆ ಎರಡು ಸಾಲು ವಾರ್ಮರ್, ಪ್ರತಿಯೊಂದರ ಕಾಲುಬದಿಗೆ ಕುರ್ಚಿ, ನಡುವೆ ಓಡಾಡಲು ದಾರಿ. ಲೆಕ್ಕ ಸರಿಯಾಗಿ ಕೂತಿತು.

ಹಳೆಯ ಗಾರೆ ಕೆಡವಿ ಆಮ್ಲಜನಕದ ಪೈಪು ಎಳೆದ ಮೇಲೆ ಎಂಜಿನಿಯರು ಕರೆಸಿದ.

"ಅಳತೆ ಯಾರಮ್ಮ ತಗೊಂಡಿದ್ದು?"

"ನಾನೇ. ತಪ್ಪಿದೆಯಾ?"

"ಕೂದಲೆಳೆಯಷ್ಟೂ ಇಲ್ಲ. ಆದರೆ ಅದು ಬರೀ ಗೋಡೇದು. ಈಗ ನೋಡಿ, ಪೈಪು ಮುಚ್ಚೋ ಪೆಟ್ಟಿಗೆ ಗೋಡೆಯಿಂದ ಒಂಬತ್ತು ಇಂಚು ಮುಂದೆ ಬಂದಿದೆ. ಎರಡೂ ಕಡೆ. ಕುರ್ಚಿ ಹಾಕಿದ್ರೆ ಎಕ್ಸ್‌ರೇ ಗಾಡಿ ಒಳಗೆ ಬರಲ್ಲ. ನಾನೂ ಇನ್ನೊಂದ್ಸಲ ನೋಡಬೇಕಿತ್ತು, ನೋಡಲಿಲ್ಲ."

ಮೈಯ ಅಳತೆಗೇ ಬಟ್ಟೆ ಕತ್ತರಿಸಿದರೆ ತೋಳು ಏರುವುದಿಲ್ಲ, ಹೊಲಿಗೆಗೂ ಉಸಿರಾಟಕ್ಕೂ ಬಿಟ್ಟು ಕತ್ತರಿಸಬೇಕು. ಕಲಿಯಲು ಬಂದ ಹುಡುಗಿಯರಿಗೆ ಮೊದಲ ದಿನವೇ ಹೇಳಿಕೊಡುವ ಪಾಠ. ಗೋಡೆಗೂ ಅದು ಬೇಕಾದೀತು ಎಂದು ಅವಳಿಗೆ ಹೊಳೆದಿರಲಿಲ್ಲ.

"ಗೋಡೆ ಆಚೆ ತಳ್ಳೋಕೆ ಆಗಲ್ವಾ?"

"ಒಂದು ಕಡೆ ಲಿಫ್ಟು, ಇನ್ನೊಂದು ಕಡೆ ಆಪರೇಷನ್ ಕೋಣೆ. ಎರಡೇ ದಾರಿ. ಎರಡು ವಾರ್ಮರ್ ಬಿಟ್ಟರೆ, ಉಳಿದ ಆರಕ್ಕೆ ಮಧ್ಯೆ ಮಧ್ಯೆ ಕುರ್ಚಿ ಹಾಕಬಹುದು. ಇಲ್ಲಾ ಎಂಟು ವಾರ್ಮರ್, ಕುರ್ಚಿ ಇಲ್ಲ. ನಿಮ್ಮ ಸಮಿತಿ ಏನು ಹೇಳುತ್ತೋ ಹೇಳಲಿ."

ಸಮಿತಿಯೆಂದರೆ ಅವಳೇ. ಉಳಿದವರೆಲ್ಲ ರಸೀದಿಯಲ್ಲಿ ಹೆಸರಿಗಷ್ಟೇ ಇದ್ದವರು.

ವಾರ್ಡಿನ ದೊಡ್ಡ ಸಿಸ್ಟರ್ ಕಿಟಕಿಯ ಹತ್ತಿರ ನಿಂತಿದ್ದರು. ಅಂದು ಮಗುವನ್ನು ಸುತ್ತಿ ಕೊಟ್ಟವರೂ ಅವರೇ.

"ಸಿಸ್ಟರ್, ನೀವು ಹೇಳಿ."

"ನಾನು ಹೇಳಿದ್ರೆ ನಿನಗೆ ಹಿಡಿಸಲ್ಲ, ಟೇಪಕ್ಕ."

"ಪರವಾಗಿಲ್ಲ."

"ಹೋದ ವಾರ ಎಂಟು ಮಕ್ಕಳಿದ್ವು. ಆರೇ ಮಾಡಿದ್ರೆ ಮತ್ತೆ ಒಂದರಲ್ಲಿ ಎರಡು ಮಲಗಿಸ್ತೀನಿ. ಇನ್ನೇನು ಮಾಡಲಿ, ವಾಪಸ್ ಕಳಿಸಲಾ?" ಅವರು ಕಿಟಕಿ ಬಿಟ್ಟು ಹತ್ತಿರ ಬಂದರು. "ನಿನ್ನ ಮಗೂಗೆ ಸೋಂಕು ಬಂದಿದ್ದು ಪಕ್ಕದಲ್ಲಿ ಮಲಗಿದ್ದ ಮಗುವಿಂದ. ಕುರ್ಚಿ ಇದ್ದಿದ್ರೆ ನೀನು ಒಳಗಿರ್ತಿದ್ದೆ. ಮಗು ಉಳೀತಿರಲಿಲ್ಲ."

ಏಳು ವರ್ಷ ಯಾರೂ ಆಡದ ಮಾತು. ಟೇಪಕ್ಕ ಕೊರಳ ಟೇಪನ್ನು ತೆಗೆದು ಬೆರಳಿಗೆ ಸುತ್ತಿದಳು, ಬಿಚ್ಚಿದಳು, ಮತ್ತೆ ಸುತ್ತಿದಳು.

"ನೀವಾದ್ರೂ ಏನಾದ್ರೂ ಹೇಳ್ರಿ," ಎಂದು ಗಂಡನ ಕಡೆ ತಿರುಗಿದಳು.

"ನಾನು ಬಾಯಿ ಬಿಡಲ್ಲ. ಬಿಟ್ಟರೆ ಸಾಯೋವರೆಗೂ ಅದು ನಾನು ಹೇಳಿದ್ದು ಅಂತಾಗುತ್ತೆ." ಅವನು ಸಿಮೆಂಟಿನ ಚೀಲದ ಮೇಲೆ ಕುಸಿದು ಕೂತ. "ನಂಗೂ ಅವಳು ಮಗಳೇ ಕಣೆ. ನನ್ನ ಕೇಳಬೇಡ."

ಎಂಜಿನಿಯರು ಗಡಿಯಾರ ನೋಡಿಕೊಂಡ. ಹೊರಗಿನ ಓಣಿಯಲ್ಲಿ, ತಾತ್ಕಾಲಿಕ ವಾರ್ಡಿನ ಬಾಗಿಲಿಗೆ ಹೊಸದಾಗಿ ತಾಯಿಯಾದ ಒಬ್ಬ ಹುಡುಗಿ ಆತು ನಿಂತಿದ್ದಳು. ಚಪ್ಪಲಿ ಬಿಟ್ಟು ಅದರ ಮೇಲೆಯೇ ಪಾದ ಇಟ್ಟಿದ್ದಳು, ನೆಲ ತಣ್ಣಗಿತ್ತು. ಟೇಪಕ್ಕ ಅವಳನ್ನು ನೋಡಿದಳು. ಆಮೇಲೆ ನೋಡಲಿಲ್ಲ.

"ಎಂಟು," ಎಂದಳು.

ಮರುದಿನ ಅಂಗಡಿ ತೆರೆಯುವ ಮೊದಲೇ ಟೀಯವಳ ಹತ್ತಿರ ಹೋಗಿ ಎಲ್ಲ ಹೇಳಿದಳು. ಅಳತೆ ತಪ್ಪಿದ್ದು ತಾನೇ ಎಂದೂ ಹೇಳಿದಳು. ಅವಳು ಪೂರ್ತಿ ಕೇಳಿಸಿಕೊಂಡಳು.

"ಎಂಟು ಮಕ್ಕಳಿಗೆ ಒಳ್ಳೇದಾಯ್ತು ಬಿಡು," ಎಂದು ಲೋಟ ತೊಳೆಯತೊಡಗಿದಳು. "ನೀನು ಮೊದಲೇ ಮಂಚಕ್ಕೆ ಅಂದಿದ್ರೂ ನಾನು ಕೊಡ್ತಿದ್ದೆ. ಕುರ್ಚಿ ಅಂದೆ. ಅದೊಂದು ಅನ್ನಬಾರದಿತ್ತು."

ಟೀ ಕೊಡಲಿಲ್ಲ. ಟೇಪಕ್ಕನೂ ಕೇಳಲಿಲ್ಲ.

ಎರಡು ತಿಂಗಳಿಗೆ ವಾರ್ಡು ತೆರೆಯಿತು. ಮೊದಲ ವಾರದಲ್ಲೇ ಎಂಟು ವಾರ್ಮರೂ ತುಂಬಿದವು, ಒಂದೊಂದರಲ್ಲಿ ಒಂದೊಂದೇ ಮಗು. ತಾಯಂದಿರು ಹಾಲು ಕೊಟ್ಟು ಹೊರಗೆ ಬಂದು ನಿಂತರು. ಟೇಪಕ್ಕ ಮಗಳಿಗೆ ಕೊಟ್ಟ ಮಾತು ಉಳಿಸಿಕೊಳ್ಳಲಿಲ್ಲ.