ಬುಧವಾರ ಹತ್ತರ ಸದ್ದು

ಹಿಟ್ಟಿನ ಗಿರಣಿಯ ಡೀಸೆಲ್ ಎಂಜಿನ್ನು ಬೆಳಿಗ್ಗೆ ಎಂಟಕ್ಕೆ ಒಮ್ಮೆ ಶುರುವಾದರೆ ಮಧ್ಯಾಹ್ನ ಒಂದರವರೆಗೆ ನಿಲ್ಲುತ್ತಿರಲಿಲ್ಲ. ಅದನ್ನು ಎಬ್ಬಿಸುವುದೇ ಒಂದು ಕಸರತ್ತು. ಗಿರಣಿಯವನು ಹ್ಯಾಂಡಲ್ ಸಿಕ್ಕಿಸಿ, ಮೈಭಾರವನ್ನೆಲ್ಲ ಅದರ ಮೇಲೆ ಬಿಟ್ಟು ಗರಗರನೆ ತಿರುಗಿಸಿ, ವೇಗ ಬಂದ ಕೂಡಲೇ ಎಡಗೈಯಿಂದ ಮೇಲಿನ ಸಣ್ಣ ಕೀಲನ್ನು ಕೆಡವುತ್ತಿದ್ದ. ಆಗ ಬೀದಿಗೆ ಚಾಚಿಕೊಂಡ ಹೊಗೆಕೊಳವೆಯಿಂದ ‘ಢಂ’ ಎಂದು ಒಂದು ಸದ್ದು ಹೊರಡುತ್ತಿತ್ತು. ಅದಾದ ಮೇಲೆ ಎಂಜಿನ್ನು ತನ್ನ ಪಾಡಿಗೆ ಟಕಟಕ ಬಡಿದುಕೊಳ್ಳುತ್ತಿತ್ತು.

ಆ ಬುಧವಾರ ಹತ್ತಕ್ಕೆ ಐದು ನಿಮಿಷ ಇರುವಾಗ ಅವನು ಅದನ್ನು ನಿಲ್ಲಿಸಿದ. ಡಬ್ಬಿ, ಚೀಲ ಸಾಲಾಗಿಟ್ಟು ಕುಳಿತ ಹೆಂಗಸರಿಗೆ, “ಬೆಲ್ಟ್ ಜಾರ್ತಾ ಇದೆ, ಒಂದು ಗಳಿಗೆ” ಎಂದ. ಎದುರಿನ ಟೀ ಅಂಗಡಿಯವನಿಗೂ ಅಲ್ಲಿನ ಬೆಂಚಿನವರಿಗೂ ಮಾತ್ರ ಅದರ ಒಳಗುಟ್ಟು ಗೊತ್ತಿತ್ತು. ಅಂಗಡಿಯವನು ಲೋಟ ತೊಳೆಯುತ್ತ ಬೀದಿಯ ಆಚೆ ತುದಿಯನ್ನೇ ನೋಡುತ್ತಿದ್ದ.

“ಬಂದ, ಬಂದ. ಹಿಡ್ಕೋ ನಿನ್ನ ತೋಪು!”

ಬರುತ್ತಿದ್ದವನನ್ನು ಊರಿನವರು ಮಿಲ್ಟ್ರಿ ಎಂದು ಕರೆಯುತ್ತಿದ್ದರು. ಹನ್ನೆರಡು ವರ್ಷ ಸೈನ್ಯದಲ್ಲಿ ಲಾರಿ, ಜೀಪು ರಿಪೇರಿ ಮಾಡಿಕೊಂಡಿದ್ದು, ಒಂದು ಸಲ ಇಡೀ ಲಾರಿ ಸಾಲೇ ಸ್ಫೋಟಕ್ಕೆ ಸಿಕ್ಕಿದಾಗ ಬದುಕಿ ಉಳಿದು, ಎರಡು ವರ್ಷದ ಹಿಂದೆ ಮನೆಗೆ ಬಂದವನು. ಬೀದಿಯ ಕೊನೆಯಲ್ಲಿ ಮಾಜಿ ಸೈನಿಕರ ಸಹಾಯ ಕೇಂದ್ರವಿತ್ತು. ಪ್ರತಿ ಬುಧವಾರ ಪಟ್ಟಣದಿಂದ ಆಪ್ತಸಲಹೆಯ ಮೇಡಂ ಒಬ್ಬರು ಬಂದು, ಸುತ್ತಿನ ಊರುಗಳ ಏಳೆಂಟು ಜನರನ್ನು ಒಂದು ಕೋಣೆಯಲ್ಲೂ ಅವರ ಮನೆಯವರನ್ನು ಇನ್ನೊಂದು ಕೋಣೆಯಲ್ಲೂ ಕೂರಿಸಿಕೊಂಡು ಮಾತಾಡಿಸುತ್ತಿದ್ದರು. ಅಲ್ಲಿಗೆ ಹೋಗಲು ಗಿರಣಿಯ ಮುಂದಿನ ಬೀದಿ ಬಿಟ್ಟರೆ ಬೇರೆ ದಾರಿಯಿರಲಿಲ್ಲ.

ಮೊದಲ ಸಲ ಸದ್ದಿಗೆ ಮಿಲ್ಟ್ರಿ ನೆಲಕ್ಕೆ ಬಿದ್ದದ್ದು ನಿಜವಾಗಿಯೂ ಆಕಸ್ಮಿಕ; ಅಂದು ಬೆಲ್ಟ್ ನಿಜಕ್ಕೂ ಜಾರಿ, ಎಂಜಿನ್ನನ್ನು ನಿಲ್ಲಿಸಿ ಮತ್ತೆ ಹೊತ್ತಿಸಬೇಕಾಗಿ ಬಂದಿತ್ತು. ಕೈಯಲ್ಲಿದ್ದ ಕಾಗದಪತ್ರದ ಚೀಲ ಎಲ್ಲೋ, ಅವನೆಲ್ಲೋ. ಟೀ ಅಂಗಡಿಯ ಬೆಂಚಿನಲ್ಲಿದ್ದವರು ಹೊಟ್ಟೆ ಹಿಡಿದು ನಕ್ಕರು. ಗಿರಣಿಯವನೂ ನಕ್ಕ. ಇಷ್ಟು ವರ್ಷ ಹಿಟ್ಟಿನ ದೂಳು ಕುಡಿದುಕೊಂಡಿದ್ದ ತನ್ನ ಕೈಯಿಂದ ನಾಲ್ಕು ಜನ ನಗುವಂಥದ್ದೊಂದು ಆಯಿತಲ್ಲ ಎಂದು ಒಳಗೊಳಗೇ ಹಿಗ್ಗಿದ್ದ. ಮುಂದಿನ ಬುಧವಾರ ಬೆಂಚಿನವರು, “ಇವತ್ತಿಲ್ವೇನೋ?” ಎಂದು ಕೇಳಿದರು. ಅಲ್ಲಿಂದ ಅದು ರೂಢಿಯಾಯಿತು.

ಈ ದಿನ ಅವನು ಕೀಲು ಕೆಡವಿದ. ಢಂ. ಬೆಂಚಿನಿಂದ ಎಂದಿನ ನಗು ಎದ್ದಿತು; ಆದರೆ ಅರ್ಧಕ್ಕೇ ನಿಂತುಹೋಯಿತು. ಏನಾಯಿತೆಂದು ಗಿರಣಿಯವನು ಬಾಗಿಲಿಗೆ ಬಂದು ನೋಡಿದ.

ಮಿಲ್ಟ್ರಿ ಒಬ್ಬನೇ ಬಂದಿರಲಿಲ್ಲ. ಆರು ವರ್ಷದ ಮಗಳು ಜೊತೆಗಿದ್ದಳು. ಅವನು ಅವಳನ್ನು ಅಡಿಗೆ ಹಾಕಿಕೊಂಡು, ತನ್ನ ಮೈಯಿಂದ ಪೂರಾ ಮುಚ್ಚಿ, ಬೀದಿಯ ಜಲ್ಲಿಯ ಮೇಲೆ ಬೋರಲು ಬಿದ್ದಿದ್ದ. ಎದೆಯ ಕೆಳಗಿನಿಂದ ಒಂದು ಪುಟ್ಟ ಕೈ ಹೊರಬಂದು ಅವನ ಬೆನ್ನನ್ನು ತಟ್ಟುತ್ತಿತ್ತು.

“ಗಿರಣಿ ಅಪ್ಪಾ. ಬರೀ ಗಿರಣಿ. ಏನಿಲ್ಲ, ಏನಿಲ್ಲ.”

ಎದ್ದಾಗ ಅವಳ ಮೊಣಕೈ ತರಚಿ ರಕ್ತ ಬಂದಿತ್ತು. ಅವಳು ಅಳಲಿಲ್ಲ. ಮೊದಲು ಅಪ್ಪನ ಅಂಗಿಯ ದೂಳು ಕೊಡವಿದಳು. ಮಿಲ್ಟ್ರಿ ಯಾರ ಮುಖವನ್ನೂ ನೋಡದೆ, ಕೇಂದ್ರದ ಕಡೆಗೂ ಹೋಗದೆ, ಮಗಳನ್ನು ಎತ್ತಿಕೊಂಡು ಬಂದ ದಾರಿಯಲ್ಲೇ ವಾಪಸು ನಡೆದ.

ಮುಂದಿನ ಬುಧವಾರ ಅವನು ಬರಲಿಲ್ಲ. ಅದರ ಮುಂದಿನ ಬುಧವಾರವೂ ಬರಲಿಲ್ಲ. ಗಿರಣಿಯವನು ಎಂಜಿನ್ನನ್ನು ನಿಲ್ಲಿಸಲಿಲ್ಲ. ಆದರೂ ಹತ್ತು ಗಂಟೆಯಾದರೆ ಕಣ್ಣು ತಾನಾಗಿ ಬೀದಿಗೆ ಹೋಗುತ್ತಿತ್ತು.

ಮೂರನೆಯ ವಾರ ಮಿಲ್ಟ್ರಿಯ ಹೆಂಡತಿ ಬಂದಳು. ಮನೆಯಲ್ಲೇ ಬಟ್ಟೆ ಹೊಲಿಯುವವಳು. ಕುತ್ತಿಗೆಗೆ ಹಾಕಿದ ಅಳತೆಪಟ್ಟಿಯನ್ನು ತೆಗೆಯುವುದನ್ನೂ ಮರೆತು ಬಂದಿದ್ದಳು. ಕೈಯಲ್ಲಿ ಡಬ್ಬಿಯಿರಲಿಲ್ಲ. ಮಧ್ಯಾಹ್ನದ ಹೊತ್ತು, ಎಂಜಿನ್ನು ನಿಂತು ಹೆಂಗಸರೆಲ್ಲ ಹೋಗಿಯಾಗಿತ್ತು.

“ಅಣ್ಣಾ, ನಿಮ್ಮ ಹತ್ರ ಒಂದು ಮಾತು.”

ಅವಳು ವಿಷಯ ಹೇಳುವ ಮೊದಲೇ ಗಿರಣಿಯವನು ಅಡ್ಡಬಂದ. “ಎಂಜಿನ್ ಅಂದ್ಮೇಲೆ ಸದ್ದು ಮಾಡುತ್ತೆ ತಂಗೀ. ಅವನೊಬ್ಬನಿಗೋಸ್ಕರ ಗಿರಣಿಗೆ ಬೀಗ ಹಾಕ್ಲಾ? ನೂರು ಮನೆ ಹಿಟ್ಟು ಇಲ್ಲಿಂದ ಹೋಗ್ಬೇಕು. ಅಷ್ಟಕ್ಕೂ ಅಷ್ಟು ದೊಡ್ಡ ಯುದ್ಧ ನೋಡಿದ ಗಂಡಸು, ಇಷ್ಟಕ್ಕೆ ಹೆದರೋದಾ?”

“ಬೀಗ ಹಾಕಿ ಅಂತ ನಾನು ಹೇಳ್ಲಿಲ್ಲ.” ಅವಳ ದನಿ ಏರಲಿಲ್ಲ. “ಹನ್ನೊಂದು ವರ್ಷದಿಂದ ಇಲ್ಲೇ ಹಿಟ್ಟು ಮಾಡಿಸ್ತಿದ್ದೀನಿ. ಎಂಟಕ್ಕೆ ಹೊತ್ತಿಸಿದ್ರೆ ಒಂದು ಗಂಟೆಗೆ ನಿಲ್ಲೋ ಎಂಜಿನ್ ಇದು. ಬುಧವಾರ ಮಾತ್ರ ಹತ್ತು ಗಂಟೆಗೆ ಯಾಕೆ ಮತ್ತೆ ಹೊತ್ತುತ್ತೆ ಅಣ್ಣಾ?”

ಗಿರಣಿಯವನು ಜಲ್ಲಡಿಯನ್ನು ಎತ್ತಿಕೊಂಡು ಒದರಿದ. ಅದರಲ್ಲಿ ಏನೂ ಇರಲಿಲ್ಲ.

“ನಾನವರಿಗೆ ಹೇಳಿಲ್ಲ,” ಎಂದಳು ಅವಳು. “ಅವರು ನಿಮ್ಮ ಎಂಜಿನ್ನೇ ಕೆಟ್ಟಿದೆ ಅಂದ್ಕೊಂಡಿದ್ದಾರೆ. ‘ಪಾಪ, ಓಡ್ತಾ ಓಡ್ತಾ ನಿಂತುಬಿಡುತ್ತೆ ಅವನದ್ದು. ನನ್ನಿಂದ ಹತ್ರ ಹೋಗೋಕೆ ಆಗಿದ್ರೆ ಅರ್ಧ ಗಂಟೇಲಿ ಸರಿ ಮಾಡಿಕೊಡ್ತಿದ್ದೆ’ ಅಂತಾರೆ. ಆ ಮೇಡಂ ಹತ್ರ ಹೋಗೋಕೆ ಶುರು ಮಾಡಿದ್ಮೇಲೆ ಅವರು ನಾಲ್ಕು ಗಂಟೆ ನಿದ್ದೆ ಮಾಡ್ತಿದ್ರು. ಈಗ ಬಾಗಿಲು ದಾಟಲ್ಲ. ಮಗಳ ಮೊಣಕೈ ನೋಡಿ ನೋಡಿ, ‘ನಾನು ಇವಳ ಜೊತೆ ಇರಬಾರದು’ ಅಂತಾರೆ.”

ಅಷ್ಟು ಹೇಳಿ ಅವಳು ಮೆಟ್ಟಿಲಿಳಿದು ಹೋದಳು.

ಆ ಮಧ್ಯಾಹ್ನ ಗಿರಣಿಯವನು ಊಟದ ಡಬ್ಬಿ ಬಿಚ್ಚಲಿಲ್ಲ. ಟೀ ಅಂಗಡಿಯವನು, “ಏನಂತೆ ಮಿಲ್ಟ್ರಿ ಮನೆಯವಳು? ಕೋರ್ಟ್ ಮಾರ್ಷಲ್ಲಾ?” ಎಂದು ಕೂಗಿದಾಗ ಕೇಳದವನಂತೆ ಬಾಗಿಲೆಳೆದುಕೊಂಡ. ಮರುದಿನ ಮಿಲ್ಟ್ರಿಯ ಮನೆಗೆ ಹೋಗಬೇಕು ಅಂದುಕೊಂಡೂ ಹೋಗಲಿಲ್ಲ. ಮೂರನೆಯ ದಿನ ಸಂಜೆ, ತಲೆಯ ಹಿಟ್ಟನ್ನೂ ಕೊಡವಿಕೊಳ್ಳದೆ ಅಲ್ಲಿಗೆ ನಡೆದ.

ಮಿಲ್ಟ್ರಿ ಜಗಲಿಯಲ್ಲಿ ಹೆಂಡತಿಯ ಹೊಲಿಗೆ ಯಂತ್ರವನ್ನು ಬಿಚ್ಚಿಟ್ಟುಕೊಂಡು ಎಣ್ಣೆ ಬಿಡುತ್ತಿದ್ದ.

“ಬಾರಣ್ಣ, ಕೂತ್ಕೋ. ನಿನ್ನ ಎಂಜಿನ್ ಬಗ್ಗೆನೇ ಯೋಚಿಸ್ತಿದ್ದೆ. ಅದರ ಡೀಸೆಲ್ ಪೈಪಿಗೆ ಗಾಳಿ ಹೊಕ್ಕಿರ್ಬೇಕು. ಜೋಡಣೆ ಹತ್ರ ಒದ್ದೆ ಇದೆಯಾ ನೋಡು.”

ಗಿರಣಿಯವನು ಕೂರಲಿಲ್ಲ. ಇದೇ ಸಲಹೆಯನ್ನು ಹಿಡಿದುಕೊಂಡು, ಹೌದು ಹೌದು ಎಂದು ಹೇಳಿ ಹೊರಟುಬಿಡಬಹುದಿತ್ತು. ಕಾಲು ಹಾಗೆಯೇ ತಿರುಗಿಯೂ ಇತ್ತು.

“ಅದು ತಾನಾಗಿ ನಿಲ್ತಿರ್ಲಿಲ್ಲ,” ಎಂದ. “ನಾನೇ ನಿಲ್ಲಿಸ್ತಿದ್ದೆ. ನೀನು ಬರೋದು ನೋಡ್ಕೊಂಡು ಮತ್ತೆ ಹೊತ್ತಿಸ್ತಿದ್ದೆ.”

ಮಿಲ್ಟ್ರಿಯ ಕೈಯಲ್ಲಿದ್ದ ತಿರುಪುಳಿ ಒಂದು ಸುತ್ತು ತಿರುಗಿತು, ಇನ್ನೊಂದು ಸುತ್ತು ತಿರುಗಿತು. ಸ್ಕ್ರೂ ಆಗಲೇ ಬಿಗಿಯಾಗಿತ್ತು.

“ಎಷ್ಟು ಸಲ?”

“ಮೊದಲ್ನೇದು ಗೊತ್ತಿಲ್ದೆ ಆಗಿದ್ದು. ಆಮೇಲೆ ಐದು ಸಲ.”

“ಯಾಕೆ?”

“ನಗ್ತಿದ್ರು ಎಲ್ಲರೂ.”

“ಮಗಳಿದ್ದಾಗ?”

ಒಳಗೆ ಬಾಗಿಲ ಮರೆಯಲ್ಲಿ ಬಳೆಯ ಸದ್ದಾಗಿ ಅಡಗಿತು. ಮಿಲ್ಟ್ರಿ ಬಯ್ಯಬಹುದು, ಎದ್ದು ಬಂದು ಹೊಡೆಯಲೂಬಹುದು ಎಂದು ಗಿರಣಿಯವನು ಮೈ ಬಿಗಿಹಿಡಿದು ನಿಂತಿದ್ದ. ಹೊಡೆದಿದ್ದರೆ ಹಗುರವಾಗುತ್ತಿತ್ತು.

“ಹೋಗಣ್ಣ ಈಗ,” ಎಂದ ಮಿಲ್ಟ್ರಿ.

ಬುಧವಾರ ಬಂತು. ಒಂಬತ್ತೂವರೆಗೆ ಗಿರಣಿಯವನು ಎಂಜಿನ್ನನ್ನು ನಿಲ್ಲಿಸಿದ. ಸಾಲಿನಲ್ಲಿ ಹನ್ನೊಂದು ಡಬ್ಬಿಗಳಿದ್ದವು.

“ಇದೇನಪ್ಪಾ, ಒಲೆ ಮೇಲೆ ನೀರಿಟ್ಟು ಬಂದಿದ್ದೀನಿ ನಾನು!” ಎಂದಳು ಮುಂದೆ ಕುಳಿತಿದ್ದ ಅಜ್ಜಿ.

“ಕಾದುಹೋಗಿದೆ ಅಜ್ಜೀ. ಎಂಜಿನ್ ತಣ್ಣಗಾಗ್ಲಿ,” ಎಂದ. ನಿಜ ಹೇಳಬೇಕೆಂದೇ ಬಾಯಿ ತೆರೆದಿದ್ದ, ಹೊರಬಂದದ್ದು ಇದು.

ಹತ್ತು ಗಂಟೆಗೆ ಮಿಲ್ಟ್ರಿ ಬೀದಿಯ ತುದಿಯಲ್ಲಿ ಕಾಣಿಸಿದ. ಹೆಂಡತಿ ಜೊತೆಗಿದ್ದಳು. ಹೊಗೆಕೊಳವೆಯ ಹತ್ತಿರ ಬಂದಾಗ ಅವನ ಹೆಜ್ಜೆ ಸಣ್ಣದಾಯಿತು, ಕುತ್ತಿಗೆಯ ನರ ಉಬ್ಬಿತು. ಟೀ ಅಂಗಡಿಯವನು ಏನೋ ಅನ್ನಲು ಹೊರಟು, ಗಿರಣಿಯವನ ಮುಖ ನೋಡಿ ಲೋಟಗಳ ಕಡೆಗೆ ತಿರುಗಿದ. ಅವರಿಬ್ಬರೂ ದಾಟಿ ಹೋಗಿ ಕೇಂದ್ರದ ಬಾಗಿಲು ಹೊಕ್ಕರು.

ಹೆಂಗಸರು ಗೊಣಗಿದರು. ಇಬ್ಬರು ಡಬ್ಬಿ ಎತ್ತಿಕೊಂಡು ಹೋದರು. ಗಿರಣಿಯವನು ಹ್ಯಾಂಡಲ್ ಮುಟ್ಟಲಿಲ್ಲ. ಹನ್ನೊಂದೂವರೆಗೆ ಮಿಲ್ಟ್ರಿ ಹಿಂತಿರುಗಿ ಬಂದು, ಗಿರಣಿಯ ಬಾಗಿಲ ಎದುರಿಗೇ ನಿಂತ.

“ಅಣ್ಣಾ.”

ಗಿರಣಿಯವನು ಹೊರಗೆ ಬಂದ. ಒಳಗಿನ ಹೆಂಗಸರೆಲ್ಲ ಕತ್ತೆತ್ತಿ ನೋಡಿದರು.

“ಎಂಜಿನ್ ಹೊತ್ತಿಸು. ನಾನು ಇಲ್ಲೇ ನಿಂತಿರ್ತೀನಿ. ಆದ್ರೆ ಹೇಳಿ ಹೊತ್ತಿಸು. ಒಂದು, ಎರಡು, ಮೂರು ಅಂತ ಜೋರಾಗಿ ಹೇಳು. ಗೊತ್ತಿದ್ರೆ ನಿಲ್ಲೋಕಾಗುತ್ತಾ ಅಂತ ನೋಡ್ಬೇಕು ನಾನು.”

ಅವನ ಹೆಂಡತಿ ಅವನ ತೋಳು ಹಿಡಿದುಕೊಂಡಳು.

ಗಿರಣಿಯವನು ಒಳಗೆ ಹೋಗಿ ಹ್ಯಾಂಡಲ್ ಸಿಕ್ಕಿಸಿದ. “ಒಂದು” ಎಂದ. “ಎರಡು” ಎಂದ. ಮೂವತ್ತು ವರ್ಷ ತಿರುಗಿಸಿದ ಕೈ ಅಲುಗಲಿಲ್ಲ. ಹೊರಗೆ ಬಂದು ತಲೆ ತಗ್ಗಿಸಿ ನಿಂತ.

“ನನ್ನ ಕೈಲಿ ಆಗ್ತಿಲ್ಲಪ್ಪ ಇವತ್ತು.”

ಮಿಲ್ಟ್ರಿ ಅವನನ್ನು ನೇರವಾಗಿ ನೋಡಿದ. ಆ ನೋಟದಲ್ಲಿ ಕ್ಷಮೆಯೇನೂ ಇರಲಿಲ್ಲ.

“ಹಾಗಾದ್ರೆ ಮುಂದಿನ ವಾರ ಬರ್ತೀನಿ,” ಎಂದು ಹೇಳಿ ಹೆಂಡತಿಯೊಂದಿಗೆ ಹೊರಟ.

ಅವರು ತಿರುವು ದಾಟುವವರೆಗೂ ಗಿರಣಿಯವನು ಬೀದಿಯಲ್ಲೇ ಇದ್ದ. ಆಮೇಲೆ ಒಳಗೆ ಬಂದ. ಯಾರೂ ಗೊಣಗುತ್ತಿರಲಿಲ್ಲ. ಅಜ್ಜಿ ಅವನನ್ನೇ ದಿಟ್ಟಿಸುತ್ತಿದ್ದಳು.

“ತಣ್ಣಗಾಯ್ತೇನಪ್ಪಾ ಎಂಜಿನ್ನು?”

“ಎಂಜಿನ್‌ಗೆ ಏನೂ ಆಗಿರ್ಲಿಲ್ಲ ಅಜ್ಜೀ,” ಎಂದು ಅವನು ಅವಳ ಮುಂದೆ ನೆಲದ ಮೇಲೆ ಕುಳಿತುಕೊಂಡ.