ಸುಟ್ಟರೂ ಉರಿಯದ ಬೆರಳು

ಇಸ್ತ್ರಿ ಅಂಗಡಿಯಲ್ಲಿ ಕಾವು ನೋಡುವುದು ಒದ್ದೆ ಬೆರಳಿನಿಂದ. ತಗಲಿದ ಕೂಡಲೇ ಯಾರೇ ಆದರೂ ಕೈ ಎಳೆದುಕೊಳ್ಳುತ್ತಾರೆ. ಅಂಥ ಒಂದು ಅಂಗಡಿಯವಳ ಹತ್ತೊಂಬತ್ತರ ಮಗಳು ಮಾತ್ರ ಈಚೆಗೆ ಎಳೆದುಕೊಳ್ಳುತ್ತಿರಲಿಲ್ಲ. ಅಮ್ಮನಿಗೆ ಅದೇ ಹೆಮ್ಮೆ.

ಒಂದು ಮಧ್ಯಾಹ್ನ ಪಕ್ಕದ ಮನೆಯ ನರ್ಸಕ್ಕ ತನ್ನ ಸಮವಸ್ತ್ರ ಒಯ್ಯಲು ಬಂದಳು. ಹುಡುಗಿಯ ಮಣಿಕಟ್ಟಿನ ಮೇಲೆ ಬೊಬ್ಬೆ ಎದ್ದಿತ್ತು.

"ಇದ್ಯಾವಾಗ ಸುಟ್ಟಿದ್ದೇ?"

"ಗೊತ್ತಿಲ್ಲ ಅಕ್ಕಾ. ನೀವು ಹೇಳಿದ ಮೇಲೇ ನೋಡಿದ್ದು."

"ನೋಡಿದ್ರಾ ನನ್ನ ಗಟ್ಟಿಗಿತ್ತೀನ!" ಅಮ್ಮ ನಕ್ಕಳು. "ನಾನಾಗಿದ್ರೆ ಬೀದಿಗೆಲ್ಲ ಕೇಳೋ ಹಾಗೆ ಕೂಗ್ತಿದ್ದೆ."

"ನೀನು ಸೊಳ್ಳೆ ಕಚ್ಚಿದ್ರೂ ಕೂಗ್ತೀಯ, ಬಿಡು." ಆದರೆ ನರ್ಸಕ್ಕನ ಮುಖದಲ್ಲಿ ನಗುವಿರಲಿಲ್ಲ. ಹುಡುಗಿಯ ಕೈಯನ್ನು ಎತ್ತಿ ಹಿಡಿದಾಗ ಕೈಗಡಿಯಾರ ಮೊಣಕೈವರೆಗೂ ಜಾರಿತು. "ಊಟ ಮಾಡ್ತಿದೀಯೇನೇ? ತಿಂಗಳು ತಿಂಗಳು ಮುಟ್ಟಾಗ್ತಿದೀಯಾ?"

ಹುಡುಗಿ ನೆಲ ನೋಡಿದಳು. "ಐದು ತಿಂಗಳಿಂದ ಇಲ್ಲ."

ಅಮ್ಮ ಬೆಚ್ಚಿದಳು. "ನಂಗೆ ಹೇಳ್ಲೇ ಇಲ್ವಲ್ಲೇ! ಡಯೆಟ್ಟು ಅಂದ್ಲು, ನಾನೂ ಸುಮ್ನಿದ್ದೆ. ಎರಡು ದಿನ ಬೈದು ಉಣ್ಣಿಸಿದ್ರೆ ಸರಿಹೋಗ್ತಾಳೆ, ಅಲ್ವಾ ಅಕ್ಕಾ?"

"ಬೈದ್ರೆ ಜ್ವರ ಇಳಿಯುತ್ತಾ? ಇದೂ ಕಾಯಿಲೇನೇ. ತುಂಬ ದಿನ ಊಟ ಕಮ್ಮಿಯಾದ್ರೆ ಮೈಯೊಳಗಿನ ಹಾರ್ಮೋನು ಏರುಪೇರಾಗುತ್ತೆ. ಮುಟ್ಟು ನಿಲ್ಲುತ್ತೆ, ಮೂಳೆ ಸವೆಯುತ್ತೆ. ಕೆಲವರಿಗೆ ನೋವೇ ಅಷ್ಟಾಗಿ ಗೊತ್ತಾಗಲ್ಲ. ಯಾಕೆ ಅಂತ ಡಾಕ್ಟರುಗಳು ಇನ್ನೂ ಹುಡುಕ್ತಿದಾರೆ. ಹಾರ್ಮೋನಿನ ಪಾತ್ರಾನೂ ಇರಬಹುದು ಅಂತಾರೆ. ಇದು ಧೈರ್ಯ ಅಲ್ಲ ಕಣೇ."

"ನಂಗೇನೂ ಆಗಿಲ್ಲ!" ಹುಡುಗಿ ಕೈ ಬಿಡಿಸಿಕೊಂಡಳು. ಆಮೇಲೆ ತಗ್ಗಿದ ದನಿಯಲ್ಲಿ, "ತಟ್ಟೆ ನೋಡಿದ್ರೇ ಭಯ ಆಗುತ್ತಮ್ಮ" ಎಂದಳು.

ಮಗಳು ನೋವು ನುಂಗುತ್ತಿದ್ದಾಳೆ ಎಂದುಕೊಂಡು ಅಮ್ಮ ಇಷ್ಟು ದಿನ ಬೀಗಿದ್ದಳು. ಅವಳು ನುಂಗುತ್ತಿದ್ದುದು ಭಯವನ್ನು. ಅಮ್ಮ ಇಸ್ತ್ರಿಯ ಪ್ಲಗ್ಗು ಕಿತ್ತಳು. ಅಂಗಡಿಯ ಬಾಗಿಲು ಅರ್ಧ ಎಳೆದಳು.

"ಹೋಟೆಲ್ ಮಾಣಿಗಳ ಐವತ್ತು ಅಂಗಿ ಸಂಜೆಗೆ ಕೊಡಬೇಕಲ್ಲಮ್ಮ?"

"ಒಂದಿನ ಸುಕ್ಕಿನ ಅಂಗೀಲೇ ಬಡಿಸ್ಲಿ. ನಾನು ಬೈಯಲ್ಲ, ಬಾಯಿಗೆ ತುರುಕೋದೂ ಇಲ್ಲ. ಡಾಕ್ಟರ ಹತ್ರ ನಿನ್ನ ಪಕ್ಕದಲ್ಲೇ ಕೂತಿರ್ತೀನಿ. ಒಂದು ಸಲಕ್ಕೆ ವಾಸಿಯಾಗದಿದ್ರೆ ಹತ್ತು ಸಲ ಹೋಗೋಣ. ಆದ್ರೆ ಇವತ್ತು ಹೋಗಲೇಬೇಕು."

ಹುಡುಗಿ ಚಪ್ಪಲಿ ಮೆಟ್ಟಿಕೊಂಡಳು.

ತಾಯಂದಿರೇ, ಅಕ್ಕತಂಗಿಯರೇ, ನಿಮ್ಮ ಮನೆಯಲ್ಲಿ ಮಗಳೋ ಮಗನೋ ಊಟಕ್ಕೆ ಹೆದರುತ್ತಿದ್ದರೆ, ಸೊರಗುತ್ತಿದ್ದರೆ, ಮಗಳ ಮುಟ್ಟು ನಿಂತಿದ್ದರೆ, "ನಂಗೇನೂ ನೋವಿಲ್ಲ" ಎಂಬ ಮಾತು ಕೇಳಿ ಸುಮ್ಮನಾಗಬೇಡಿ. ಬೈಯಬೇಡಿ, ಹಂಗಿಸಬೇಡಿ. ಜೊತೆಯಲ್ಲಿ ಹೋಗಿ ವೈದ್ಯರಿಗೆ ತೋರಿಸಿ. ನೋವು ಬಂದು ಎಚ್ಚರಿಸಲಿ ಎಂದು ಕಾದು ಕೂರಬೇಡಿ. ಈ ಕಾಯಿಲೆಯಲ್ಲಿ ಅದು ಬಾರದೆಯೂ ಇರಬಹುದು.