ಲಿಂಗ ಕಟ್ಟಿದ ಮೈ

ದೇವರಾಜ ಅರಸು ಬಡಾವಣೆಯ ಬಕ್ಕೇಶಪ್ಪನ ಮನೆಯಲ್ಲಿ ಆ ಭಾನುವಾರ ಬೆಳಿಗ್ಗೆಯೇ ಉಪ್ಪಿಟ್ಟಿನ ಒಗ್ಗರಣೆ ಘಮಘಮಿಸುತ್ತಿತ್ತು. ಮಗಳು ಪೂಜಾಳನ್ನು ನೋಡಲು ಹರಿಹರದಿಂದ ಗಂಡಿನ ಕಡೆಯವರು ಬರುವವರಿದ್ದರು. ಹೆತ್ತ ತಾಯಿ ದ್ರಾಕ್ಷಾಯಣಮ್ಮ ಮಾತ್ರ ಹಿಂದಿನ ಕೋಣೆಯಲ್ಲಿ ಖಾಲಿ ಹೊಟ್ಟೆಯಲ್ಲಿ ಕುಳಿತಿದ್ದಳು. ತಿಂದರೆ ಚೀಲ ತುಂಬುತ್ತದಲ್ಲ!

ಕರುಳಿನ ಕ್ಯಾನ್ಸರಿಗೆ ಆಪರೇಷನ್ ಮಾಡಿದ ಡಾಕ್ಟರು ಕರುಳಿನ ತುದಿಯನ್ನು ಹೊಟ್ಟೆಯ ಮೇಲೆ ತಂದು, ಮಲ ಬೀಳಲು ಚೀಲ ಅಂಟಿಸಿದ್ದರು. ಜೀವ ಉಳಿಯಿತು. ಎಲ್ಲರಂತೆ ಉಂಡು, ದುಡಿದು, ಓಡಾಡಿಕೊಂಡಿರಿ ಎಂದು ಹೇಳಿಯೇ ಕಳಿಸಿದ್ದರು. ಆದರೆ ಮನೆಗೆ ಬಂದ ದಿನವೇ ಅತ್ತೆ ಉಡಚಮ್ಮ ಸೊಸೆಯ ತಟ್ಟೆ ಬೇರೆ ಮಾಡಿದರು. ಕೊರಳ ಲಿಂಗ ಬಿಚ್ಚಿಸಿ ದೇವರ ಜಗಲಿಯ ಮೇಲಿಟ್ಟರು. ಲಿಂಗ ಕಟ್ಟಿದ ಮೈಗೆ ಮೈಲಿಗೆಯಿಲ್ಲವೆಂದು ಶರಣರು ಹೇಳಿ ಎಷ್ಟು ಕಾಲವಾಯಿತು! ನಮಗೆ ಮಾತ್ರ ಗೋರ್ಕಲ್ಲ ಮೇಲೆ ಮಳೆ ಸುರಿದಂತೆ.

“ಹರ್ನಿಯಾ ಆಪರೇಷನ್ ಆಗೈತೆ, ಮಲಗ್ಯಾಳೆ ಅಂತೀನಿ. ನೀ ಹೊರಗ ಬರಬ್ಯಾಡ,” ಎಂದರು ಉಡಚಮ್ಮ. “ಹೇಲು ಕಟ್ಕೊಂಡು ನೆಂಟರ ಮುಂದೆ ಕೂಡ್ತೀಯೇನು?”

“ಹೇಲು ಎಲ್ಲರ ಹೊಟ್ಟೇಲೂ ಐತೆ ಅತ್ತೆ. ನಂದು ಒಂಚೂರು ಮುಂದೆ ಬಂದೈತೆ, ಅಷ್ಟೆ.”

“ನಾಲಿಗೆ ಬಿಗಿ ಹಿಡಿ. ಮಗಳ ಮದುವೆ ಮುರೀತೈತೆ!”

“ಇವತ್ತೊಂದಿನ ಅವ್ವ ಹೇಳ್ದಂಗೆ ಇರು ಮಾರಾಯ್ತಿ,” ಎಂದ ಬಕ್ಕೇಶಪ್ಪ. ಇವತ್ತೊಂದಿನ, ಇವತ್ತೊಂದಿನ ಎನ್ನುತ್ತಲೇ ವರ್ಷ ತುಂಬಿತ್ತು.

ಹರಿಹರದವರು ಬಂದರು. ಹುಡುಗನ ತಾಯಿ ಕಮಲಕ್ಕ ಕೂತವರೇ, “ಪೂಜಾನ ತಾಯಿ ಎಲ್ರಿ?” ಎಂದು ಕೇಳಿದರು. ಉಡಚಮ್ಮ ಹರ್ನಿಯಾದ ಕಥೆ ಶುರು ಮಾಡಿದ್ದು ಹಿಂದಿನ ಕೋಣೆಗೂ ಕೇಳಿಸಿತು. ದ್ರಾಕ್ಷಾಯಣಮ್ಮನಿಗೆ ಮೈಯೆಲ್ಲ ಉರಿದುಹೋಯಿತು. ಎದ್ದಳು. ಹಸಿವಿಗೆ ಕಣ್ಣು ಕತ್ತಲಿಟ್ಟಿತು. ಜಗಲಿಯ ಮೇಲಿನ ಲಿಂಗವನ್ನು ಕೊರಳಿಗೆ ಕಟ್ಟಿಕೊಂಡು ನೇರ ನಡುಮನೆಗೆ ಬಂದಳು.

“ಹರ್ನಿಯಾ ಅಲ್ರಿ. ಕ್ಯಾನ್ಸರ್ ಆಗಿತ್ತು, ವಾಸಿ ಆಗೈತೆ. ಹೊಟ್ಟೆಮ್ಯಾಲೆ ಚೀಲ ಐತೆ, ಮಲ ಅದರಾಗೆ ಬರ್ತೈತೆ. ನಾನೇ ಬದಲಾಯಿಸ್ಕೊಂತೀನಿ. ಯಾರಿಗೂ ಅಂಟೋದಲ್ಲ. ಕೇಳೋದಿದ್ರೆ ನನ್ನನ್ನೇ ಕೇಳ್ರಿ.”

ಕಮಲಕ್ಕ ಸೆರಗನ್ನು ಮೂಗಿನ ಹತ್ತಿರ ತಂದರು. ಕೈಗೆ ಕೊಟ್ಟಿದ್ದ ಉಪ್ಪಿಟ್ಟಿನ ತಟ್ಟೆಯನ್ನು ಕೆಳಗಿಟ್ಟು, “ಊರಿಗೆ ಹೋಗಿ ತಿಳಿಸ್ತೀವಿ,” ಎಂದು ಎದ್ದರು.

ಕಾರು ತಿರುವು ದಾಟುವ ಮೊದಲೇ ಉಡಚಮ್ಮ ಎದೆ ಬಡಿದುಕೊಂಡರು. “ಮನೆ ಹಾಳು ಮಾಡಿದೆಲ್ಲೇ!”

“ಸುಮ್ನಿರು ಅಜ್ಜಿ,” ಎಂದಳು ಪೂಜಾ. “ನಮ್ಮವ್ವನ್ನ ಕಂಡು ಮೂಗು ಮುಚ್ಕೊಳ್ಳೋ ಮನೆಗೆ ನಾ ಯಾಕ ಹೋಗ್ಲಿ?” ಎಲ್ಲರೂ ಉಣ್ಣುವ ತಟ್ಟೆಗಳಲ್ಲೇ ಒಂದನ್ನು ತಂದು ತಾಯಿಗೆ ಉಪ್ಪಿಟ್ಟು ಬಡಿಸಿದಳು.

ದ್ರಾಕ್ಷಾಯಣಮ್ಮ ನಡುಮನೆಯಲ್ಲಿ, ಅತ್ತೆಯ ಎದುರಿಗೇ ಕುಳಿತು ತಿಂದಳು. ತಟ್ಟೆ ಖಾಲಿಯಾದಾಗ ಮಗಳ ಕಡೆ ಚಾಚಿದಳು.

“ಇನ್ನೊಂದು ಸೌಟು ಹಾಕವ್ವ. ತುಂಬಿದ್ರೆ ತುಂಬ್ಲಿ.”